ಜಾಜ್ ಮಾಸ್ತರಿಕೆ ನನಗೆ ಹಣಮಪ್ಪ ಕೊಡಿಸಿದ್ದು

ಹೋದ ವರ್ಷ ವೈಶಾಖದಲ್ಲಿ, ಕಮಲಾಪುರದ ಒಂದು ಮದುವೆ ಮೆರವಣಿಗೆಯ ನಡುವೆ ನನ್ನ ಬಾಯಿ ಸೊಟ್ಟಗಾಯಿತು. ನಾನು ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುವವನು. ಎಡತುಟಿಯಿಂದ ಗಾಳಿ ಸೋರಿತು, ಜೊಲ್ಲು ಸೋರಿತು, ಹಾಡು ಕಿರುಚಿತು.

"ಕತ್ತೆ ಒದರಿದಂಗ ಒದರಸ್ತಾನಲ್ಲಪಾ! ಕುಡದು ಬಂದಾನೇನಿಂವ?" ಎಂದು ಮದುಮಗನ ಕಾಕಾ ಬೈದ. ಕುಡಿದಿರಲಿಲ್ಲ. ಹಾಗಂತ ಹೇಳಲು ಹೋದರೆ ಮಾತೂ ಹೊರಳಲಿಲ್ಲ. ಜನ ನಕ್ಕರು.

ಮರುದಿನ ಅವ್ವ ಬಸ್ಸಿನಲ್ಲಿ ಕಲಬುರಗಿಯ ದವಾಖಾನೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡೇ ಕೂತೆ. ಎಡಗಣ್ಣು ಮುಚ್ಚುತ್ತಿರಲಿಲ್ಲ, ಕಿಟಕಿಯ ಧೂಳೆಲ್ಲ ಅದಕ್ಕೇ ಬಿತ್ತು. ಮುಖದ ನರ ಸೋತಿದೆ ಎಂದರು ಡಾಕ್ಟರು.

"ಊದೂದು ಯಾವಾಗ್ರಿ?" ಎಂದು ಅವ್ವ ಕೇಳಿದಳು.

"ಮೊದಲ ನೀರು ಚೆಲ್ಲದಂಗ ಕುಡೀಲಿ ಯವ್ವಾ. ಪೂರಾ ಮೊದಲಿನಂಗ ಆಗ್ತದಂತ ನಾ ಹೇಳಂಗಿಲ್ಲ."

ಗುಳಿಗೆ ನುಂಗಿದೆ. ಕನ್ನಡಿ ಮುಂದೆ ಕೂತು ಅವರು ಹೇಳಿದಂತೆ ಗಲ್ಲ ಉಬ್ಬಿಸಿದೆ. ಎಡಗಲ್ಲ ಉಬ್ಬಲಿಲ್ಲ. ತುಟಿಗೆ ತುಟಿ ಕೂಡುತ್ತಿರಲಿಲ್ಲ.

ನಮ್ಮ ಬ್ಯಾಂಡಿನ ಯಜಮಾನ ಮೌಲಾಸಾಬ್ ಉಸ್ತಾದರು. ನನಗೆ ಸ್ಯಾಕ್ಸ್ ಕಲಿಸಿದವರೂ ಅವರೇ. ಒಂದು ದಿನ ಮನೆಗೆ ಬಂದು ನೆಲ ನೋಡುತ್ತ ಹೇಳಿದರು: "ಬೇಟಾ, ಸೀಜನ್ ಅದ. ಬೀದರದಾಂವ ಒಬ್ಬನ್ನ ಕರಕೊಂಡೀನಿ. ನಾರಾಜ್ ಆಗಬ್ಯಾಡ."

ಆಗಲಿ ಎಂದು ತಲೆಯಾಡಿಸಿದೆ. ಮೆರವಣಿಗೆಗೆ ನಾನೇ ಕಟ್ಟಿದ ಧಾಟಿಗಳನ್ನು ಬೀದರಿನವನು ನಮ್ಮ ಮನೆ ಮುಂದೆಯೇ ಊದಿಕೊಂಡು ಹೋದ. ಒಳಗೆ ಕದ ಹಾಕಿಕೊಂಡು ಅತ್ತೆ. ಊದುವುದು, ಧಾಟಿ ಕಟ್ಟುವುದು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಸಾಯಬೇಕು ಅಂತಲೂ ಅನಿಸಿತು. ಸುಳ್ಳು ಏಕೆ ಬರೆಯಲಿ?

ಪ್ರತಿ ಶನಿವಾರ ಹಣಮಪ್ಪನ ಗುಡಿಗೆ ಹೋಗುತ್ತಿದ್ದೆ. ಅಲ್ಲಿ ಇನ್ನೊಂದು ಸಂಕಟ. ತುಟಿ ಕೂಡದಿದ್ದರೆ ಮ, ಪ ಬರುವುದಿಲ್ಲ. ಬೇಡಿಕೊಳ್ಳಲು ಹೋದರೆ ದೇವರ ಹೆಸರೇ ಬಾಯಿಂದ ಹೊರಡದು. ಸಿಟ್ಟಿಗೆದ್ದು ಬಂದುಬಿಟ್ಟೆ. ಇನ್ನು ಹೋಗುವುದಿಲ್ಲ ಎಂದೆ.

"ಅಂವಗ ನಿನ್ನ ಹೆಸರು ಗೊತ್ತದ, ಹೋಗೋ ಮಗನ," ಎಂದಳು ಅವ್ವ. "ನೀ ಅವನ ಹೆಸರು ಹೇಳಲಿಲ್ಲಂದ್ರೂ ನಡೀತದ."

ಮತ್ತೆ ಹೋದೆ. ಸುಮ್ಮನೆ ಕೈಮುಗಿದು ನಿಂತೆ. ನನ್ನ ಬಾಯಿ ನನಗೆ ಕೊಡು, ಇಷ್ಟೇ ಮನಸ್ಸಿನಲ್ಲಿ.

ಶ್ರಾವಣದಲ್ಲಿ ಉಸ್ತಾದರು ಮತ್ತೆ ಬಂದರು. "ಕಲಬುರಗ್ಯಾಗ ಬ್ರಹ್ಮಪುರದಾಗ ಒಂದು ಮ್ಯೂಸಿಕ್ ಕ್ಲಾಸ್ ಅದ. ಜಾಜ್ ಮಾಸ್ತರ್ ಬೇಕಂತ. ಬಾಯಿ ಬೇಕಾಗಿಲ್ಲ ಬೇಟಾ, ಕೈ ಸಾಕು!"

ನಮ್ಮ ಬ್ಯಾಂಡಿನಲ್ಲಿ ಡ್ರಮ್ ಸೆಟ್ಟಿಗೇ ಜಾಜ್ ಅನ್ನುತ್ತೇವೆ. ಅದನ್ನೂ ಅಷ್ಟಿಷ್ಟು ಬಾರಿಸಬಲ್ಲೆ. ಗುಡಿ ಮುಂದೆ ಕೈಮುಗಿದು, ಎರಡು ಕೋಲು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಅಲ್ಲಿ ಹೋದರೆ ಡ್ರಮ್ಮೇ ಇಲ್ಲ. ಕ್ಲಾಸು ನಡೆಸುವ ಮೇಡಂ ನನ್ನ ಕೋಲು ನೋಡಿ, "ಇವು ಯಾಕ್ರಿ? ಜಾಜ್ ಅಂದ್ರ ಒಂದು ಥರದ ಸಂಗೀತ. ಧಾಟಿ ಹಿಡಕೊಂಡು, ನಡುವ ತಾವಽ ಹೊಸಾದು ಕಟ್ಟಿ ನುಡಸೋದು. ನಮಗ ಸ್ಯಾಕ್ಸ್ ಕಲಸೋರು ಬೇಕಾಗ್ಯಾರ," ಎಂದರು.

ಸ್ಯಾಕ್ಸ್ ಎಂಬ ಮಾತು ಕೇಳಿ ಕೋಲು ಮತ್ತೆ ಚೀಲಕ್ಕೆ ಹಾಕಿದೆ. ಎದ್ದು ಹೊರಟೆ. ಬಾಗಿಲಲ್ಲಿ ನಿಂತು, "ಮೆರವಣಿಗ್ಯಾಗ ನಾವೂ ಅದನ್ನಽ ಮಾಡ್ತೇವ್ರಿ. ಹೆಸರು ಗೊತ್ತಿರಲಿಲ್ಲ," ಎಂದೆ, ತೊದಲಿಕೊಂಡೇ.

"ಹಂಗಾರ ತೋರಸ್ರಿ."

"ಊದಾಕ ಬರಂಗಿಲ್ರಿ."

"ಹಾಡ್ರಿ."

ಸ್ವರದ ಹೆಸರು ಹೇಳುತ್ತ ಹಾಡಿದೆ. ಮ, ಪ ಬರುವುದಿಲ್ಲವಲ್ಲ, ಆ ಎರಡು ಸ್ವರ ಬಿಟ್ಟು ಸುತ್ತಿ ಬಳಸಿ ಒಂದು ಧಾಟಿ ಅಲ್ಲೇ ಕಟ್ಟಿದೆ. ಸ್ಯಾಕ್ಸ್ ಕಲಿಯಲು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಅದನ್ನು ಊದಿ ನೋಡಿದಳು. ತಪ್ಪಿದಲ್ಲಿ ಅವಳ ವಾದ್ಯದ ಮೇಲೆ ಬೆರಳಿಟ್ಟು ತೋರಿಸಿದೆ. ಕಡೆಗೆ ಧಾಟಿ ಸರಿಯಾಗಿ ಬಂತು.

"ಆ ಎರಡು ಸ್ವರ ಬೇಕಂತ ಬಿಟ್ರೇನು? ಭಾಳ ಛಂದ ಆತು," ಎಂದರು ಮೇಡಂ.

"ಇಲ್ರಿ. ತುಟಿ ಕೂಡಂಗಿಲ್ಲ."

ಅವರು ಕ್ಲಾಸಿನ ವೇಳಾಪಟ್ಟಿ ತೆಗೆದು ನೋಡಿದರು. ಆಮೇಲೆ, "ಸೋಮವಾರದಿಂದ ಬರ್ರಿ," ಎಂದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಆಟೊದವನೊಬ್ಬ, "ಯಾರಾರ ತೀರಿಕೊಂಡ್ರೇನಣ್ಣಾ?" ಎಂದು ಕೇಳಿದ.

ಇದನ್ನು ಕೆಲವರು ಅದೃಷ್ಟ ಅನ್ನುತ್ತಾರೆ. ಉಸ್ತಾದರಿಗೆ ಜಾಜ್ ಅಂದರೆ ಏನೆಂದು ಸರಿಯಾಗಿ ಗೊತ್ತಿದ್ದಿದ್ದರೆ ಸೊಟ್ಟ ಬಾಯಿಯ ನನ್ನನ್ನು ಅಲ್ಲಿಗೆ ಕಳಿಸುತ್ತಲೇ ಇರಲಿಲ್ಲ. ನನಗೆ ಗೊತ್ತಿದ್ದಿದ್ದರೆ ನಾನೂ ಹೋಗುತ್ತಿರಲಿಲ್ಲ. ಇಬ್ಬರ ತಲೆಯಲ್ಲೂ ಆ ತಪ್ಪನ್ನು ಉಳಿಸಿದವನು ಹಣಮಪ್ಪ. ನಾನು ಹಾಗೆಯೇ ನಂಬುತ್ತೇನೆ.

ಬಾಯಿ ಪೂರಾ ಬಂದಿಲ್ಲ. ಈಗ ಮ, ಪ ಬರುತ್ತವೆ, ನೀರು ಚೆಲ್ಲುವುದಿಲ್ಲ. ಸ್ಯಾಕ್ಸ್ ಹಿಡಿದರೆ ಅರ್ಧ ಹಾಡಿಗೆ ಎಡತುಟಿ ಸೋಲುತ್ತದೆ. ಮದುವೆ ಸೀಜನ್ನಿನಲ್ಲಿ ಕ್ಲಾಸಿನ ಕೆಳಗೆ ಬ್ಯಾಂಡು ಹಾದು ಹೋದಾಗ ಹೇಳುತ್ತಿದ್ದ ಸ್ವರ ನಡುವೆಯೇ ನಿಲ್ಲಿಸುತ್ತೇನೆ. ಕಿಟಕಿ ಮುಚ್ಚಿ ಪಾಠ ಮುಂದುವರಿಸುತ್ತೇನೆ. ಮಕ್ಕಳು ಚೆನ್ನಾಗಿ ಊದುತ್ತಾರೆ.

ಹಣಮಪ್ಪಾ, ನೀನು ಮಾಡಿದ್ದು ದೊಡ್ಡದು, ಅದನ್ನು ಮರೆಯುವವನಲ್ಲ. ಆದರೆ ಸಾಕು ಎಂದು ಹೇಳಲಾರೆ. ಉಳಿದ ಅರ್ಧ ಹಾಡನ್ನೂ ಬೇಡುತ್ತಲೇ ಇರುತ್ತೇನೆ. ನೀನು ಕೊಡುವವನು ಎಂದು ಗೊತ್ತಾದ ಮೇಲೆ ಕೇಳಲು ನನಗೇನು ನಾಚಿಕೆ?