ಬಿಚ್ಚಿಟ್ಟ ದಾರವನ್ನು ತೂಬಿನ ಚೌಡಮ್ಮ ಕಾಯ್ದಳು

ನನ್ನ ಮೊಮ್ಮಗಳು ಪವಿತ್ರ ನೌಕಾಪಡೆಯ ತರಬೇತಿಯಲ್ಲಿ ನೀರು ನುಗ್ಗುವ ಕೋಣೆಯೊಳಗೆ ಕೈ ಮರಗಟ್ಟಿ ನಿಂತುಬಿಟ್ಟಳು. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲಿನ ಮಾತು ಇದು. ಅಲ್ಲಿಂದ ಅವಳನ್ನು ನಮ್ಮ ತೂಬಿನ ಚೌಡಮ್ಮ ಹೇಗೆ ದಾಟಿಸಿದಳು ಎಂಬುದು ಅಮ್ಮನ ಒಕ್ಕಲಿಗೆಲ್ಲ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಿದ್ದಿದವಳು ಸೊಸೆ. ಮಾತು ತಿದ್ದಬೇಡ ಎಂದು ಮೊದಲೇ ಹೇಳಿದ್ದೇನೆ.

ನಾವಿರುವುದು ಸವಳಂಗದಲ್ಲಿ. ಮಗನಿಗೆ ಬೈಕ್ ರಿಪೇರಿ ಅಂಗಡಿ. ಪವಿತ್ರ ಆ ಅಂಗಡಿಯಲ್ಲೇ ಸ್ಪ್ಯಾನರ್ ಹಿಡಿದು ಬೆಳೆದಳು. ಪಿಯುಸಿ ಮುಗಿಸಿ ನೌಕಾಪಡೆಗೆ ಪರೀಕ್ಷೆ ಬರೆದಳು, ಓಡಿದಳು, ಆಯ್ಕೆಯೂ ಆದಳು. ಪಕ್ಕದ ಮನೆಯವರು "ಸಮುದ್ರ ನೋಡಿದಾಳೇನ್ರೀ ನಿಮ್ಮ ಹುಡುಗಿ?" ಎಂದು ಕೇಳಿದರು. "ಇಲ್ರೀ, ನೋಡಾಕೇ ಹೊಂಟಾಳೆ" ಎಂದೆ.

ಹೊರಡುವ ಮುಂಚೆ ಅವಳನ್ನು ಅಮ್ಮನ ಗುಡಿಗೆ ಕರೆದುಕೊಂಡು ಹೋದೆ. ಗುಡಿ ಇರುವುದು ಚನ್ನಗಿರಿ ಕಡೆಯ ನನ್ನ ಗಂಡನ ಊರಿನ ಕೆರೆ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ. ನನ್ನ ಗಂಡ ಇರುವಷ್ಟು ದಿನ ಆ ಕೆರೆಯ ನೀರುಗಂಟಿ. ತೂಬಿನ ಗೂಟ ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಈಗ ಆ ಕೆಲಸವೂ ಅಮ್ಮನ ಪೂಜೆಯೂ ಮೈದುನನ ಮಗ ಹನುಮಂತನಿಗೆ ಬಂದಿವೆ. ಅವನೇ ಪವಿತ್ರಳ ಬಲಗೈಗೆ ಅಮ್ಮನ ದಾರ ಕಟ್ಟಿದ. ಅರಿಶಿನ ಹಚ್ಚಿದ ನೂಲು, ನಡುವೆ ಅರಿಶಿನ ಕೊಂಬಿನ ಒಂದು ಚೂರು. ನಮ್ಮ ಮನೆತನದಲ್ಲಿ ಆ ದಾರ ತಾನಾಗಿ ಸವೆದು ಬೀಳುವ ತನಕ ಬಿಚ್ಚುವುದಿಲ್ಲ.

ಮೊದಲ ತರಬೇತಿ ಸುಸೂತ್ರವಾಗಿ ಮುಗಿಯಿತು. ಓಡುವುದು, ಈಜುವುದು, ಬಿಸಿಲಿನಲ್ಲಿ ಕವಾಯತು, ಎಲ್ಲ ಆಯಿತು. ಆಮೇಲೆ ಹಡಗಿನ ಇಂಜಿನ್ ಕೆಲಸ ಕಲಿಸುವ ಕಡೆ ಹಾಕಿದರು. ಅಲ್ಲಿ ಮೊದಲ ದಿನವೇ ಮೇಷ್ಟ್ರು ಎಲ್ಲರ ಕೈ ನೋಡಿ, ದಾರ, ಬಳೆ, ಉಂಗುರ ಏನಿದ್ದರೂ ತೆಗೆಯಿರಿ ಎಂದರಂತೆ. ತಿರುಗುವ ಯಂತ್ರಕ್ಕೆ ಸಿಕ್ಕಿದರೆ ದಾರದ ಜೊತೆ ಕೈಯೂ ಹೋಗುತ್ತದೆ. ಪವಿತ್ರ ದಾರ ಬಿಚ್ಚಿ ಟ್ರಂಕಿನಲ್ಲಿ ಇಟ್ಟಳು. ನಮಗೆ ಹೇಳಲಿಲ್ಲ.

ಆಮೇಲೆ ಬಂತು ಆ ಕೋಣೆ. ಹಡಗಿನ ಕೋಣೆಯ ಹಾಗೇ ಕಬ್ಬಿಣದಲ್ಲಿ ಮಾಡಿದ್ದು. ಗೋಡೆಯಲ್ಲಿ ಬೇಕೆಂದೇ ತೂತು ಬಿಟ್ಟಿರುತ್ತಾರೆ. ಮಕ್ಕಳನ್ನು ಒಳಗೆ ನಿಲ್ಲಿಸಿ ನೀರು ನುಗ್ಗಿಸುತ್ತಾರೆ. ಅವರು ಮರದ ಬೆಣೆಗೆ ಬಟ್ಟೆ ಸುತ್ತಿ, ತೂತಿಗೆ ಇಟ್ಟು, ಸುತ್ತಿಗೆಯಲ್ಲಿ ಬಡಿದು ನೀರು ನಿಲ್ಲಿಸಬೇಕು. ಪವಿತ್ರ ಬೆಣೆ ಎತ್ತಿದಳು, ಬರಿದಾದ ಮಣಿಕಟ್ಟು ಕಂಡಿತು, ಅಷ್ಟೇ. ಕೈ ಆಡಲಿಲ್ಲ. ಎರಡನೇ ಸಲ ಇಳಿಸಿದಾಗಲೂ ಹಾಗೇ ಆಯಿತು. ಇನ್ನೊಂದು ಸಲ ಆಗದಿದ್ದರೆ ನಿನ್ನ ನಂತರ ಬಂದವರ ತಂಡಕ್ಕೆ ಹಾಕುತ್ತೇವೆ ಎಂದರು.

ಅವರಿಗೆ ಫೋನು ಸಿಗುವುದು ಭಾನುವಾರ ಮಾತ್ರ. ಆ ಭಾನುವಾರ ಎಲ್ಲ ಹೇಳಿದಳು.

"ಅಜ್ಜಿ, ನಂಗೆ ಆಗಲ್ಲ. ಬಿಟ್ಟು ಬರ್ತೀನಿ."

"ಬಂದು ಏನ್ ಮಾಡ್ತೀ?"

"ಅಪ್ಪನ ಅಂಗಡೀಲಿ ಕೂರ್ತೀನಿ."

"ಅಲ್ಲಿ ನಿಮ್ಮಪ್ಪನೇ ಸುಮ್ನೆ ಕುಂತಾನೆ. ಇಬ್ಬರಿಗೆ ಜಾಗ ಇಲ್ಲ."

ಸೊಸೆ ಸೆರಗು ಕಣ್ಣಿಗೆ ಒತ್ತಿಕೊಂಡು ನಿಂತಳು. ಮಗ "ಬರ್ಲಿ ಬಿಡವ್ವಾ, ಮಗೀನ ಜೀವ ದೊಡ್ಡದು" ಎಂದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ದಾರಾನ ಸೊಂಟಕ್ಕೆ ಕಟ್ಕೋ, ಯಾರಿಗೆ ಕಾಣ್ತೈತೆ?" ಎಂದೆ. "ಅದೂ ನಡೆಯಲ್ಲ ಅಜ್ಜಿ, ಸಿಕ್ಕಿಬಿದ್ರೆ ಇನ್ನೂ ಕಷ್ಟ" ಎಂದಳು. ಫೋನು ಇಟ್ಟ ಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾಡಿದೆ. ಮರುದಿನ ಅಮ್ಮನ ಹತ್ತಿರ ಜಗಳಕ್ಕೆ ಹೋಗಬೇಕಿತ್ತು, ಹಸಿದು ಹೋದರೆ ಆಗುತ್ತದೆಯೇ?

ಬೆಳಿಗ್ಗೆ ಆಧಾರ್ ಕಾರ್ಡು ತೆಗೆದುಕೊಂಡು ಬಸ್ಸು ಹತ್ತಿದೆ. ನ್ಯಾಮತಿ ದಾಟಿ ಹೊನ್ನಾಳಿಯಲ್ಲಿ ಇಳಿದು ಚನ್ನಗಿರಿ ಬಸ್ಸು ಹಿಡಿದೆ. ಕಂಡಕ್ಟರ್ "ಎಲ್ಲಿಗಜ್ಜಿ, ಇಷ್ಟು ಸಿಟ್ನಾಗೆ?" ಎಂದ. "ಬಿಟ್ಟಿ ಟಿಕೇಟು ಕೊಡಾಕೂ ಕಾರಣ ಬೇಕೇನಪ್ಪಾ?" ಎಂದೆ. ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಗುಡಿಗೆ ಹೋಗಿ ಹನುಮಂತನಿಗೆ "ಅಮ್ಮನಿಗೆ ಹೂ ಏರ್ಸೋ, ಅಪ್ಪಣೆ ಕೇಳ್ಬೇಕು" ಎಂದೆ. ನಮ್ಮಲ್ಲಿ ಹೂ ಒದ್ದೆ ಮಾಡಿ ಅಮ್ಮನ ಎರಡೂ ಹೆಗಲಿಗೆ ಅಂಟಿಸುತ್ತಾರೆ. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ. ನಾನು ಕೈ ಮುಗಿದು, "ಇನ್ನೊಂದು ದಾರ ಮಂತ್ರಿಸಿ ಕಳಿಸ್ಲಾ? ಅದನ್ನ ಅವಳು ಬಿಚ್ಚದಂಗೆ ನೀನು ನೋಡ್ಕಂತೀಯಾ?" ಎಂದು ಕೇಳಿದೆ.

ಬಲದ ಹೂವೂ ಬೀಳಲಿಲ್ಲ, ಎಡದ ಹೂವೂ ಬೀಳಲಿಲ್ಲ. ಮೊಣಕಾಲು ನೋಯುವ ತನಕ ಕೂತೆ. "ಏನಮ್ಮಾ, ಬಾಯಿ ಬಿಡು. ಮಗು ಬಿಟ್ಟು ಬರ್ತೀನಿ ಅಂತೈತೆ. ನೀನು ಕಲ್ಲು ಕುಂತಂಗೆ ಕುಂತೀಯಲ್ಲ" ಎಂದು ಬೈದೂ ಬೈದೆ. ಅಮ್ಮ ಕಲ್ಲೇ. ಆದರೂ ಬೈಯದೆ ಇರಲಾಗಲಿಲ್ಲ.

ಹನುಮಂತ, "ದೊಡ್ಡವ್ವಾ, ಅಮ್ಮ ಕೊಡೋ ಹೊತ್ತಿಗೆ ಕೊಡ್ತಾಳೆ. ಬೇಸಿಗೆ ಬೆಳೆಗೆ ಇವತ್ತು ನೀರು ಬಿಡಬೇಕು, ಜನ ಕಾಯ್ತಾ ಅದಾರೆ. ತೂಬು ಎತ್ತಿ ಬಂದುಬಿಡ್ತೀನಿ" ಎಂದ. ಹೇಳುತ್ತಲೇ ಬೆರಳಿನ ಬೆಳ್ಳಿ ಉಂಗುರ ತೆಗೆದ. ಕೈಯಲ್ಲಿದ್ದ ಅಮ್ಮನ ದಾರ ಬಿಚ್ಚಿದ. ಎರಡನ್ನೂ ಅಮ್ಮನ ಪಾದದ ಹತ್ತಿರ ಇಟ್ಟು, "ಅಮ್ಮಾ, ನೋಡ್ಕ" ಎಂದು ಹೊರಟ.

ನಾನು ಧಡಕ್ಕನೆ ಎದ್ದೆ.

"ನಿಲ್ಲೋ! ದಾರ ಯಾಕೋ ಬಿಚ್ಚಿದೆ?"

"ಇದೇನ್ ಹಿಂಗ್ ಕೇಳ್ತೀ? ದೊಡ್ಡಪ್ಪನೇ ಕಲ್ಸಿದ್ದು. ಗೂಟದ ಸಂದೀಗೆ ದಾರ ಸಿಕ್ಕಂಡ್ರೆ ಒಳಗೇ ಎಳಕಂತೈತೆ. ನೀರಿಗೆ ಇಳಿಯೋನು ಬರಿಗೈಲಿ ಇಳೀಬೇಕು. ದಾರಾನ ಅಮ್ಮ ಕಾಯ್ತಾಳೆ, ನಮ್ಮನ್ನೂ ಅವಳೇ ಕಾಯ್ತಾಳೆ."

ನನ್ನ ಗಂಡ ಹೀಗೇ ಮಾಡುತ್ತಿದ್ದ. ಮದುವೆಯಾಗಿ ಬಂದ ವರ್ಷದಿಂದ ನೋಡಿದ್ದೇನೆ. ಅವನು ದಾರ ಬಿಚ್ಚಿ ಅಮ್ಮನ ಮುಂದೆ ಇಟ್ಟು ಇಳಿಯುತ್ತಿದ್ದ, ನಾನು ಏರಿಯ ಮೇಲೆ ಒಣ ಪಂಚೆ ಹಿಡಿದು ಸಾರಿಗೆ ಏನು ಹಾಕಲಿ ಎಂದು ಯೋಚನೆ ಮಾಡುತ್ತಾ ನಿಂತಿರುತ್ತಿದ್ದೆ. ನೀರಿಗೆ ಇಳಿಯುವವರ ಮನೆಯ ಪದ್ಧತಿ ಅದು. ಅವನು ಹೋಗಿ, ನಾವು ಸವಳಂಗಕ್ಕೆ ಬಂದು ನೀರಿನ ಕೆಲಸ ಬಿಟ್ಟ ಮೇಲೆ ನಮಗೆ ದಾರ ಕಟ್ಟುವುದಷ್ಟೇ ಉಳಿದಿತ್ತು, ಬಿಚ್ಚಿಡುವುದು ಮರೆತೇ ಹೋಗಿತ್ತು.

ಹನುಮಂತ ತೂಬಿಗೆ ಹೋದ ಮೇಲೆ ಅಮ್ಮನ ಕಡೆ ತಿರುಗಿ ಬೇರೆ ಪ್ರಶ್ನೆ ಕೇಳಿದೆ. "ಮಗು ದಾರ ಬಿಚ್ಚಿದ್ದು ಸರಿನಾ? ಆ ದಾರಾನ ನಿನ್ನ ಹತ್ರ ತಂದಿಟ್ರೆ..."

ಮಾತು ಮುಗಿಸಲು ಬಿಡಲಿಲ್ಲ. ಬಲದ ಹೂವು ಜಾರಿ ಹನುಮಂತನ ಉಂಗುರದ ಮೇಲೆಯೇ ಬಿತ್ತು. ಆ ಕಡೆ ತೂಬು ಎದ್ದಿತು, ಕಾಲುವೆಯಲ್ಲಿ ನೀರು ಓಡುವ ಸದ್ದು ಬಂತು. ಈ ಸಲ ನನಗೂ ನಗು ಬಂತು.

ಮುಂದಿನ ಭಾನುವಾರ ಫೋನು ಬರುತ್ತಲೇ ಕೇಳಿದೆ.

"ದಾರ ಎಲ್ಲೈತೆ?"

"ಟ್ರಂಕಲ್ಲಿ."

"ಟ್ರಂಕೇನು ದೇವರಾ? ನಾಳೆನೇ ಸ್ಪೀಡ್ ಪೋಸ್ಟಿಗೆ ಹಾಕು. ಅಮ್ಮನ ಹತ್ರ ಇಡ್ತೀನಿ. ನಿಮ್ಮ ಮೇಷ್ಟ್ರು ಹೇಳಿದ್ದೇ ನಿಮ್ಮಜ್ಜನೂ ಹೇಳ್ತಿದ್ದ. ನೀರಿಗೆ ಇಳಿಯೋರು 'ಅಮ್ಮಾ, ನೋಡ್ಕ' ಅಂದು ಬರಿಗೈಲಿ ಇಳೀಬೇಕು. ಅಮ್ಮನೂ ಹೂ ಕೊಟ್ಟು ಹೂಂ ಅಂದಾಳೆ."

"ಅಜ್ಜನೂ ದಾರ ಬಿಚ್ಚಿಡ್ತಿದ್ರಾ?"

"ಉಡಿದಾರನೂ ಬಿಚ್ಚಿಡ್ತಿದ್ದ. ಎಲ್ಲಾ ಫೋನಲ್ಲಿ ಹೇಳಾಕಾಗಲ್ಲ."

ಎಷ್ಟೋ ದಿನದ ಮೇಲೆ ಹುಡುಗಿ ನಕ್ಕಳು. ಅಳುವ ಹುಡುಗಿಗೆ ಬೆಣೆ ಹಿಡಿಯಲು ಆಗುವುದಿಲ್ಲ, ನಗುವವಳಿಗೆ ಆಗುತ್ತದೆ ಎಂದು ನನಗೆ ಆಗಲೇ ಧೈರ್ಯ ಬಂತು.

ದಾರ ಬಂತು. ಮತ್ತೆ ಬಸ್ಸು ಹತ್ತಿ ಹೋಗಿ ಅಮ್ಮನ ಪಾದದ ಹತ್ತಿರ ಇಟ್ಟು, ಹುಡುಗಿ ಪಾಸಾದರೆ ಹೋಳಿಗೆ ಎಡೆ ಹಾಕುತ್ತೇನೆ ಎಂದು ಹರಸಿಕೊಂಡು ಬಂದೆ. ಅವಳನ್ನು ಮೂರನೇ ಸಲ ಕೋಣೆಗೆ ಇಳಿಸುವ ಆ ವಾರ ಮಗ ಅಂಗಡಿಯಲ್ಲಿ ಒಬ್ಬರ ಗಾಡಿಯ ಚಕ್ರವನ್ನು ಇನ್ನೊಬ್ಬರ ಗಾಡಿಗೆ ಹಾಕಿದ. ಮನಸ್ಸು ಅಲ್ಲಿರಲಿಲ್ಲ. ನಾನು ದೀಪ ಹಚ್ಚಿ ನನ್ನ ಕೆಲಸ ಮಾಡಿಕೊಂಡಿದ್ದೆ. ಅಮ್ಮನಿಗೆ ಒಪ್ಪಿಸಿದ ಮೇಲೆ ಮತ್ತೆ ಮತ್ತೆ ಕೇಳುವುದು ಅವಳನ್ನು ನಂಬದೆ ಇದ್ದ ಹಾಗೆ.

ಭಾನುವಾರ ಫೋನು ಬಂತು. ಹಲೋ ಅನ್ನುವುದೂ ಇಲ್ಲ. "ಅಜ್ಜಿ, ನೀರು ನಿಂತೋತು!"

ಕೋಣೆಗೆ ಇಳಿಯುವ ಮುಂಚೆ "ಅಮ್ಮಾ, ನೋಡ್ಕ" ಎಂದು ಜೋರಾಗಿಯೇ ಹೇಳಿದಳಂತೆ. ನೀರು ಮುಖಕ್ಕೆ ರಾಚಿದೆ. ಮಣಿಕಟ್ಟು ಬರಿದಾಗಿ ಕಂಡಿದೆ. ಕಂಡಾಗ, ದಾರ ಅಮ್ಮನ ಹತ್ತಿರ ಐತೆ ಅಂತ ನೆನಪಾಗಿದೆ, ಕೈ ಆಡಿದೆ. ಬೆಣೆ ಇಟ್ಟಳು, ಬಡಿದಳು, ನೀರು ನಿಂತಿತು. ಮೇಷ್ಟ್ರು ಆಮೇಲೆ ಅವಳು ಕೂಗಿದ್ದು ಏನು ಎಂದು ಕೇಳಿದರಂತೆ. ಅರ್ಥ ಹೇಳಿದ್ದಾಳೆ. ಈಗ ಅವಳ ತಂಡದ ಹಿಂದಿ ಹುಡುಗಿಯರೂ ಸುತ್ತಿಗೆ ಎತ್ತುವಾಗ "ಅಮ್ಮಾ, ನೋಡ್ಕ" ಎನ್ನುತ್ತಾರಂತೆ. ಯಾರ ಅಮ್ಮ ಎಂದು ಅವರಿಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತಲ್ಲ, ಸಾಕು.

ಮಗ ಹೇಳುತ್ತಾನೆ, "ಅವ್ವಾ, ಅದು ಬರೀ ಧೈರ್ಯದ ವಿಷಯ." ಇರಬಹುದು. ಆದರೆ ನಾನು ತಪ್ಪು ಪ್ರಶ್ನೆ ಕೇಳುವಾಗ ಹೂವನ್ನು ಬಿಗಿ ಹಿಡಿದವರು ಯಾರು? ಅದೇ ದಿನ, ಅದೇ ಹೊತ್ತಿಗೆ, ನನ್ನ ಕಣ್ಣ ಮುಂದೆಯೇ ತೂಬು ಎತ್ತಿಸಿದವರು ಯಾರು? ಬೈಕಿನ ಪ್ಲಗ್ಗು ನೋಡಿದ ಹಾಗೆ ದೇವರನ್ನು ಬಿಚ್ಚಿ ನೋಡಲಾಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ.

ತರಬೇತಿ ಮುಗಿಸಿ ಪವಿತ್ರ ರಜೆಗೆ ಬಂದಾಗ ಎಲ್ಲರೂ ಗುಡಿಗೆ ಹೋಗಿ ಹೋಳಿಗೆ ಎಡೆ ಹಾಕಿದೆವು. ಅವಳು ಬಿಳಿ ಸಮವಸ್ತ್ರದಲ್ಲೇ ಬರುತ್ತೇನೆಂದು ಹಟ ಮಾಡಿ ಬಂದು, ಅದಕ್ಕೆ ಅರಿಶಿನ ಮೆತ್ತಿಸಿಕೊಂಡು ಒದ್ದಾಡಿದಳು. ಹನುಮಂತ ಅಮ್ಮನ ಪಾದದಿಂದ ದಾರ ತೆಗೆದು ಕೈಗೆ ಕಟ್ಟಿದ. ರಜೆ ಮುಗಿಯುವ ತನಕ ಕಟ್ಟಿಕೊಂಡಿದ್ದಳು. ಹಡಗಿಗೆ ಹೊರಡುವ ದಿನ ಯಾರೂ ಹೇಳದೆ ತಾನೇ ಗುಡಿಗೆ ಬಂದು, ದಾರ ಬಿಚ್ಚಿ ಅಮ್ಮನ ಮುಂದೆ ಇಟ್ಟು, ಬರಿಗೈ ಮುಗಿದಳು.

ಅಮ್ಮನನ್ನು ನಂಬಿದವರು ಕೇಳಿರಿ. ಅಮ್ಮ ನಮ್ಮ ಕೈಯಲ್ಲಿ ಕಾಣುವ ಹಾಗೆ ಇರಬೇಕೆಂದೇನೂ ಇಲ್ಲ. ಈಗ ದಾರ ಅಮ್ಮನ ಹತ್ತಿರ ಇದೆ, ಹುಡುಗಿ ಹಡಗಿನ ಇಂಜಿನ್ ಹತ್ತಿರ ಇದ್ದಾಳೆ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ. ನಾನು ಎರಡು ಹೊತ್ತೂ ಹೊಟ್ಟೆ ತುಂಬ ಊಟ ಮಾಡಿ ಮಲಗುತ್ತಿದ್ದೇನೆ.