ಬ್ಯಾಗು ಕಾಯುವ ಕೆಲಸ

ಪಾವಗಡದ ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ವಿಷಲ್ ಊದಿದರೆ ಎಲ್ಲರೂ ಮೈದಾನಕ್ಕೆ ಓಡುತ್ತಿದ್ದರು. ನನ್ನ ಕಾಲುಗಳಲ್ಲಿ ಹುಟ್ಟಿನಿಂದ ಬಲವಿಲ್ಲ. ಹಾಗಾಗಿ ಬೇವಿನ ಮರದಡಿ ಕೂತು ಎಲ್ಲರ ಬ್ಯಾಗು ಕಾಯುವುದೇ ನನ್ನ ಪಾಲಿನ ಆಟ. ಅಲ್ಲಿ ಕೂರಿಸಿದವರು ಮೇಷ್ಟ್ರೇ.

ಕೊರೊನಾ ಬಂದು ಶಾಲೆ ಮುಚ್ಚಿದಾಗ, ನನ್ನಂಥವರಿಗೂ ಮೊಬೈಲಿನಲ್ಲಿ ವ್ಯಾಯಾಮ ಹೇಳಿಕೊಡಬೇಕೆಂದು ಅವರಿಗೆ ಆದೇಶ ಬಂತು. ಅಮ್ಮ ಫೋನನ್ನು ಕಡಲೆಕಾಯಿ ಮೂಟೆಗೆ ಒರಗಿಸಿಡುತ್ತಿದ್ದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಕೈ ಎತ್ತುತ್ತಿದ್ದರು, ಸೊಂಟ ತಿರುಗಿಸುತ್ತಿದ್ದರು. ನಾನು ಎಷ್ಟು ಸರಿಯಾಗಿ ಮಾಡಿದರೂ ಅವರದು ಒಂದೇ ಮಾತು: "ಕಾಣ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಮಾಡು."

ಒಂದು ದಿನ ಅವರ ಫೋನು ಜಾರಿ ನೆಲಕ್ಕೆ ಬಿತ್ತು. ಆಗ ಕಂಡಿತು: ಕಾಲೆರಡನ್ನೂ ಟವೆಲಿನಿಂದ ಕುರ್ಚಿಗೆ ಬಿಗಿದು ಕಟ್ಟಿಕೊಂಡಿದ್ದರು.

"ಹಂಗ್ಯಾಕೆ ಸಾರ್?" ಎಂದೆ.

"ಸುಮ್ಕಿರಿ ಅಂದ್ರೂ ಬುಡಲ್ಲ ಈ ಕಾಲ್ಗಳು, ಸೊಂಟ ತಿರುಗಿಸ್ದಾಗೆಲ್ಲ ಒತ್ತು ಕೊಡಾಕೆ ಬತ್ತವೆ. ನಿಂಗೆ ಹೆಂಗಾಗ್ತದೆ ಅಂತ ನಂಗೂ ಗೊತ್ತಾಗ್ಬೇಕಲ್ಲ."

ಶಾಲೆ ಮತ್ತೆ ತೆರೆದ ದಿನ ವಿಷಲ್ ಕೇಳಿದ್ದೇ ತಡ, ನಾನು ವಾಕರ್ ಹಿಡಿದು ಅಭ್ಯಾಸದಂತೆ ಮರದಡಿ ಹೋಗಿ ಕೂತೆ. ಮೇಷ್ಟ್ರು ಬಂದು ನನ್ನನ್ನೂ ಬ್ಯಾಗುಗಳ ರಾಶಿಯನ್ನೂ ನೋಡಿದರು.

"ದಿನಾ ಇಲ್ಲೇ ಕೂರಿಸ್ತಿದ್ನಾ ನಾನು?"

"ಹೂಂ ಸಾರ್."

ಅವರು ಸ್ಟಾಫ್ ರೂಮಿನಿಂದ ಎರಡು ಕುರ್ಚಿ ತಂದು ಮೈದಾನದ ನಡುವೆ ಎದುರುಬದುರಾಗಿ ಹಾಕಿ, ಹೆಗಲ ಮೇಲಿನ ಟವೆಲ್ ತೆಗೆದರು.

ಆ ದಿನ ಬ್ಯಾಗುಗಳನ್ನು ಯಾರೂ ಕಾಯಲಿಲ್ಲ.