ಎಚ್ಚರ ತಪ್ಪಿತ್ತೇ ಎಂದು ಕೇಳಿದ ದನಿ

ಆ ಶುಕ್ರವಾರದಲ್ಲಿ ನೆನಪಿಡುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ನಳದ ಮುಂದೆ ಎಂದಿನ ಸರತಿ, ಆಮೇಲೆ ಎಂದಿನ ಲೋಕಲ್ ರೈಲು, ರಾತ್ರಿ ಜೋಳದ ರೊಟ್ಟಿ. ನನ್ನ ಹೆಂಡತಿ ಸುಮಿತ್ರಾ ರೊಟ್ಟಿ ತಟ್ಟುತ್ತ ಎರಡನೆಯ ಇಯತ್ತೆಯ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ನಾನು ಕೈಕಟ್ಟಿ ಕೂತು, ಅವಳು ಕೇಳಿದ್ದಕ್ಕೆಲ್ಲ ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದೆ. ಎರಡು ವರ್ಷ ಕಾದ ಮೇಲೆ ಅವಳಿಗೆ ಒಂದು ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕಿತ್ತು, ತಪ್ಪಿದರೆ ಆ ಜಾಗ ಪಟ್ಟಿಯಲ್ಲಿದ್ದ ಮುಂದಿನವರಿಗೆ. "ಇಂಥಾ ದಡ್ಡ ಹುಡುಗ ಒಬ್ಬನೂ ನನ್ನ ಕ್ಲಾಸಿಗೆ ಬರಬಾರದಪ್ಪ" ಎಂದು ಹಿಟ್ಟಿನ ಕೈಯಲ್ಲೇ ನನ್ನ ಕಿವಿ ಹಿಂಡಿದಳು.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾವು ಸಯನ್‌ನ ಒಂದು ಚಾಳಿನಲ್ಲಿದ್ದೆವು. ಚಾಳೆಂದ ಮೇಲೆ ಮೆಟ್ಟಿಲ ತಿರುವಿನಲ್ಲಿ ಏನೋ ಕಂಡಿತು, ಖಾಲಿ ಖೋಲಿಯಲ್ಲಿ ಏನೋ ಕೇಳಿಸಿತು ಎಂಬ ಕಥೆಗಳು ಇದ್ದೇ ಇರುತ್ತವೆ. ನಾನು ಅವನ್ನು ನಂಬಿದವನಲ್ಲ, ಹೇಳಿದವರ ಮುಖದ ಮೇಲೆಯೇ ನಕ್ಕವನು. ಈಗ ನಾನು ಬರೆಯುವುದನ್ನು ಇನ್ನೊಬ್ಬರು ಬರೆದಿದ್ದರೆ ನಾನೂ ನಂಬುತ್ತಿದ್ದೆನೋ ಇಲ್ಲವೋ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ಮರುದಿನ ಶನಿವಾರ ನನಗೆ ಅರ್ಧ ದಿನ ರಜೆ. ಶಾಲೆಗೆ ಉಟ್ಟುಕೊಂಡು ಹೋಗಲು ಒಂದು ಸೀರೆ ಕೊಂಡು ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆವು. ಇಳಿಯುವಾಗ ಅವಳ ಸೀರೆಯ ಅಂಚು ಚಪ್ಪಲಿಗೆ ಸಿಕ್ಕಿತು. ಮುಖ ಕೆಳಗಾಗಿ ಫುಟ್‌ಪಾತಿನ ಕಲ್ಲಿನ ಅಂಚಿನ ಮೇಲೆ ಬಿದ್ದಳು. ನಾನು ಹೊರಳಿಸಿದಾಗ ಕಣ್ಣು ಮುಚ್ಚಿತ್ತು, ಬಾಯಿ ತುಂಬ ರಕ್ತ. ಅಲ್ಲೇ ಬಾಳೆಹಣ್ಣು ಮಾರುತ್ತಿದ್ದ ಹೆಂಗಸು ಓಡಿಬಂದು ನೀರು ಚಿಮುಕಿಸಿದಳು, ಕಣ್ಣು ತೆರೆಯಲಿಲ್ಲ. ತಂಬಿಗೆ ತುಂಬಿಸಿ ತಂದು ಇನ್ನೊಮ್ಮೆ ಚಿಮುಕಿಸಿದ ಮೇಲೆ ಎಚ್ಚರವಾಯಿತು. ಎಷ್ಟು ಹೊತ್ತಾಗಿತ್ತೆಂದು ನಾನು ಲೆಕ್ಕ ಇಟ್ಟಿರಲಿಲ್ಲ. ಎದ್ದು ಕೂತವಳು ಇದು ಯಾವ ಸ್ಟಾಪು ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಕೇಳಿದಳು.

ಮೇಲಿನ ಮುಂದಿನ ಹಲ್ಲು ಬೇರುಸಹಿತ ಕಿತ್ತು ಬಂದಿತ್ತು. ಗಟಾರದ ಅಂಚಿನಲ್ಲಿ ಬಿದ್ದಿದ್ದನ್ನು ಆ ಹೆಂಗಸೇ ಹುಡುಕಿಕೊಟ್ಟಳು. ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡೆ. ಸ್ಟೇಷನ್ನಿನ ಹತ್ತಿರ ಎರಡನೆಯ ಮಹಡಿಯಲ್ಲಿ ಒಬ್ಬ ಮರಾಠಿ ದಂತವೈದ್ಯರಿದ್ದರು, ವಯಸ್ಸಾದವರು. ಆ ಮೆಟ್ಟಿಲು ಹತ್ತುವಾಗ ಸುಮಿತ್ರಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ತುಟಿ ಒಡೆದಿದ್ದರಿಂದ ಮಾತು ತೊದಲುತ್ತಿತ್ತು.

"ಎಚ್ಚರ ತಪ್ಪಿದ್ದು ಹೇಳಬ್ಯಾಡ್ರಿ. ದೊಡ್ಡ ದವಾಖಾನಿಗೆ ಹಾಕ್ತಾರ, ಬಸ್ಸಿನಿಂದ ಬಿದ್ದದ್ದಂತ ಪೊಲೀಸರು ಬರ್ತಾರ. ಸೋಮವಾರ ನಾ ಎಲ್ಲಿರಲಿ?"

ನಾನು ಆಗಲಿ ಎಂದೆ.

ಡಾಕ್ಟರು ಹಲ್ಲಿಗೆ ಕೈ ಹಚ್ಚುವ ಮೊದಲು ಅವಳ ಕಣ್ಣುಗಳಿಗೆ ಬೆಳಕು ಬಿಟ್ಟು ನೋಡಿದರು. ದವಡೆಯ ಮೂಳೆಯನ್ನು ಕಿವಿಯ ತನಕ ಒತ್ತಿ ನೋಡಿದರು. ಹಲ್ಲು ಕಚ್ಚಿಸಿ, ಎಂದಿನಂತೆ ಕೂಡುತ್ತದೆಯೇ ಎಂದು ವಿಚಾರಿಸಿದರು. ಅಕ್ಕಪಕ್ಕದ ಹಲ್ಲುಗಳನ್ನು ಸಲಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಆಮೇಲೆ ಅವಳ ಬಾಯಿಗೆ ಹತ್ತಿ ಇಟ್ಟು, ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು: "ಗಿರ್‌ನೇ ಕೇ ಬಾದ್ ಬೇಹೋಶ್ ಹುಯೀ ಥೀ ಕ್ಯಾ?" ಬಿದ್ದ ಮೇಲೆ ಎಚ್ಚರ ತಪ್ಪಿತ್ತೇ ಎಂದು.

ಸುಮಿತ್ರಾ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು "ನಹೀಂ" ಎಂದೆ.

ಅವರು ಹಲ್ಲನ್ನು ಬೇರು ಮುಟ್ಟದಂತೆ ಹಿಡಿದು ಉಪ್ಪುನೀರಿನಲ್ಲಿ ತೊಳೆದು, ಅದರ ಗೂಡಿನಲ್ಲಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ತೆಳ್ಳನೆಯ ತಂತಿಯಿಂದ ಕಟ್ಟಿದರು. ತುಟಿಗೆ ಎರಡು ಹೊಲಿಗೆ ಹಾಕಿದರು. ಅರ್ಧ ಗಂಟೆಯೊಳಗೆ ತಂದದ್ದು ಒಳ್ಳೆಯದಾಯಿತು, ಬೇರನ್ನು ಉಜ್ಜದೆ ತಂದದ್ದು ಇನ್ನೂ ಒಳ್ಳೆಯದಾಯಿತು, ಹಲ್ಲು ಹಿಡಿದುಕೊಳ್ಳಬಹುದು ಎಂದರು. ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಒಮ್ಮೆ ವಾಂತಿ ಮಾಡಿಕೊಂಡಳು. ನುಂಗಿದ ರಕ್ತ, ಖಾಲಿ ಹೊಟ್ಟೆಯ ಮಾತ್ರೆ ಎಂದುಕೊಂಡೆವು. ತಲೆ ನೋಯುತ್ತದೆಂದು ಮಲಗಿದಳು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೆಳಗಿನ ಹೋಟೆಲಿನ ಶೆಟ್ಟರು ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೂಗಿದರು. ಇಡೀ ಚಾಳಿಗೆ ಫೋನ್ ಎಂದು ಇದ್ದದ್ದು ಅವರ ಗಲ್ಲಾದ ಪಕ್ಕದಲ್ಲಿ ಮಾತ್ರ.

"ಡಾಕ್ಟ್ರ ಫೋನು. ಅವರಿಗೂ ನನ್ನ ನಂಬರೇ ಕೊಟ್ಟದ್ದಾ ಟೀಚರ ಯಜಮಾನ್ರೇ? ಇನ್ನು ಹೋಟೆಲಿನ ಬೋರ್ಡಿಗೂ ನಿಮ್ಮ ಹೆಸರೇ ಹಾಕುವ" ಎಂದು ತಮಾಷೆ ಮಾಡಿದರು.

ನಾನು ಫೋನ್ ಎತ್ತಿಕೊಂಡೆ. ವಯಸ್ಸಾದ ಗಂಡಸಿನ ದನಿ, ಆತುರವಿಲ್ಲದ್ದು. "ಬಿದ್ದಾಗ ನಿಮ್ಮ ಮನಿಯವರಿಗೆ ಎಚ್ಚರ ತಪ್ಪಿತ್ತೇನ್ರಿ?"

"ಇಲ್ರಿ" ಎಂದೆ.

"ವಿಚಾರ ಮಾಡಿ ಹೇಳ್ರಿ."

ಪಕ್ಕದಲ್ಲಿ ಶೆಟ್ಟರು ಚಿಲ್ಲರೆ ಎಣಿಸುತ್ತಿದ್ದರು. ಹೇಳಿಬಿಡಬೇಕು ಎನ್ನಿಸಿತು. ಆದರೆ ನಿನ್ನೆ ಇಲ್ಲ ಎಂದವನು ಇಂದು ಹೌದು ಎಂದರೆ ಆ ದೊಡ್ಡ ಮನುಷ್ಯರು ಏನೆಂದುಕೊಂಡಾರು ಎಂದು ನಾಚಿಕೆಯಾಯಿತು. ಬೆಳಗಾದರೆ ಸೋಮವಾರ ಎಂದೂ ಅನ್ನಿಸಿತು. ಮತ್ತೆ "ಇಲ್ರಿ" ಎಂದೆ.  ಫೋನ್ ಇಟ್ಟುಬಿಟ್ಟೆ.

ಮೇಲೆ ಹೋಗಿ ನೋಡಿದರೆ ಗಾಢ ನಿದ್ದೆಯಲ್ಲಿದ್ದಳು. ವಿಶ್ರಾಂತಿ ಸಿಗಲಿ ಎಂದು ಚಾದರ ಹೊದಿಸಿದೆ. ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಿದಾಗ ಏಳಲಿಲ್ಲ. ಟ್ಯಾಕ್ಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತೆಂದು ಆಮೇಲೆ ತಿಳಿಯಿತು. ಅಲ್ಲಿಯವರು ಯಾವಾಗ ಬಿದ್ದದ್ದು, ಎಲ್ಲಿ ಬಿದ್ದದ್ದು ಎಂದಷ್ಟೇ ಕೇಳಿ ಬರೆದುಕೊಂಡರು.

ಹದಿಮೂರು ದಿನ ಕಳೆದ ಮೇಲೆ ನಾನು ದಂತವೈದ್ಯರ ಹತ್ತಿರ ಹೋದೆ. ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ಕಂಡೊಡನೆ ಹಲ್ಲು ಹಿಡಿದುಕೊಂಡಿತೇ ಎಂದು ಕೇಳಿದರು. ಹಿಡಿದುಕೊಂಡಿದೆ ಎಂದೆ. ಅದು ಸುಳ್ಳೂ ಅಲ್ಲ. ಕೊನೆಯತನಕ ಆ ಹಲ್ಲು ಅಲುಗಿರಲಿಲ್ಲ. ಭಾನುವಾರ ತಾವು ಫೋನ್ ಮಾಡಿದ್ದಿರಲ್ಲ ಎಂದೆ. ಅವರು ಇಲ್ಲವೆಂದರು. ಭಾನುವಾರ ದವಾಖಾನೆ ಮುಚ್ಚಿರುತ್ತದೆ, ಅಂದು ಇಡೀ ದಿನ ಬೊರಿವಲಿಯಲ್ಲಿ ಮಗಳ ಮನೆಯಲ್ಲಿದ್ದೆ, ಅಲ್ಲಿ ಫೋನಿಲ್ಲ, ನಿಮ್ಮ ನಂಬರೂ ನನ್ನ ಹತ್ತಿರ ಇಲ್ಲ ಎಂದರು. ನಾನು ಬರೆಸಿದ್ದು ಚಾಳಿನ ವಿಳಾಸವೊಂದನ್ನೇ. ಹೋಟೆಲಿನ ನಂಬರು ನನಗೇ ಬಾಯಿಪಾಠವಿರಲಿಲ್ಲ. ಅವರು ಮರಾಠಿ ಬೆರೆತ ಹಿಂದಿಯಲ್ಲಿ ಹೇಳುತ್ತಿದ್ದಂತೆ ಇನ್ನೊಂದು ಹೊಳೆಯಿತು. ಫೋನಿನಲ್ಲಿ ಮಾತಾಡಿದವರು ಕನ್ನಡದಲ್ಲಿ ಮಾತಾಡಿದ್ದರು, ಅದೂ ನಮ್ಮ ಕಡೆಯ ಕನ್ನಡದಲ್ಲಿ. ಈ ಡಾಕ್ಟರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ.

ಹಿಂದಿರುಗಿ ಶೆಟ್ಟರನ್ನು ವಿಚಾರಿಸಿದೆ. ಆ ದಿನ ಡಾಕ್ಟರು ನಿಮ್ಮೊಡನೆ ಯಾವ ಭಾಷೆಯಲ್ಲಿ ಮಾತಾಡಿದರು ಎಂದು.

"ತುಳುವಲ್ಲಿ. ನಮ್ಮ ಊರಿನ ಬದಿಯ ತುಳು. ಹಾಗಾಗಿಯೇ ಯಾರೋ ನಮ್ಮವರೇ ಡಾಕ್ಟ್ರು ಅಂತ ಎಣಿಸಿದೆ" ಎಂದರು. ನನ್ನ ಮುಖ ನೋಡಿ, "ಯಾಕೆ ಮಾರಾಯ್ರೆ?" ಎಂದರು. ನಾನು ಮೆಟ್ಟಿಲು ಹತ್ತಿ ಹೋದೆ.

ಎಚ್ಚರ ತಪ್ಪಿದ್ದು ಗೊತ್ತಿದ್ದವರು ನಾನು, ಸುಮಿತ್ರಾ, ಆ ಬಾಳೆಹಣ್ಣಿನ ಹೆಂಗಸು. ಅವಳಿಗೆ ನಮ್ಮ ಹೆಸರೇ ತಿಳಿಯದು. ಯಾರದೋ ಚೇಷ್ಟೆ ಎನ್ನಲೂ ದಾರಿಯಿಲ್ಲ. ದುಃಖದಲ್ಲಿ ನಾನು ಕಲ್ಪಿಸಿಕೊಂಡೆ ಎನ್ನೋಣವೆಂದರೆ, ಫೋನ್ ಬಂದಾಗ ಅವಳು ಇನ್ನೂ ಬದುಕಿದ್ದಳು, ದುಃಖ ಶುರುವಾಗಿರಲಿಲ್ಲ. ಮೇಲಾಗಿ ಫೋನ್ ಮೊದಲು ಎತ್ತಿದವರು ಶೆಟ್ಟರು. ಇಷ್ಟು ವರ್ಷ ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಆ ದನಿ ಯಾರದೆಂದು ನನಗೆ ತಿಳಿಯದು. ಯಾರದೇ ಆಗಿರಲಿ, ಅದು ಕೇಳಿದಾಗ ಇನ್ನೂ ಸಮಯವಿತ್ತು ಎಂಬುದಷ್ಟೇ ತಿಳಿದಿದೆ.

ಆ ವೈದ್ಯರಿಗೆ ನಾನು ಕೊನೆಗೂ ನಿಜ ಹೇಳಲಿಲ್ಲ. ಅವರೂ ಹೋಗಿ ಬಹಳ ವರ್ಷವಾಯಿತು. ಸುಮಿತ್ರಾಳಿಗೆ ಎಚ್ಚರ ತಪ್ಪಿತ್ತೇ ಎಂದು ಆಮೇಲೆ ನನ್ನನ್ನು ಯಾರೂ ಕೇಳಿಲ್ಲ.